ಹದಿನಾಲ್ಕನೇ ಪೆಟ್ಟಿಗೆಯಿಂದ ಕೆಳಗೆ

ಅರಸೀಕೆರೆ
3 ಆಗಸ್ಟ್ 2024

ಚಿ. ಸೌ. ಉಷಾರಾಣಿಗೆ ಮಾವನ ಆಶೀರ್ವಾದ.

ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿದ್ದಾರೆ, ನನ್ನ ಕಿವಿ ಒಂದನ್ನು ಬಿಟ್ಟು. ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಗಂಡ ಶಶಿ ನನ್ನ ಕೈಗೂ ಕೊಡುತ್ತಾನೆ. ನನಗೆ ಕೇಳುವುದು ಗಾಳಿ ಬೀಸಿದ ಸದ್ದು ಮಾತ್ರ. ಸುಮ್ಮನೆ ಹೂಂ, ಹೂಂ ಅನ್ನುತ್ತೇನೆ. ಅದಕ್ಕೇ ಕಾಗದ. ಜಪಾನಿಗೆ ಎಷ್ಟು ಸ್ಟಾಂಪು ಅಂಟಿಸಬೇಕು ಎಂದು ಕೇಳಿದ್ದಕ್ಕೆ ಅಂಚೆ ಕಚೇರಿಯಾಕೆ ನನ್ನ ಮುಖವನ್ನು ಎರಡು ಸಲ ನೋಡಿದರು.

ನೀನು ಹೊರಡುವ ಮುಂಚೆ ನಮ್ಮಿಬ್ಬರ ನಡುವೆ ಆದ ಮಾತು ಇಲ್ಲಿ ಬೇಡ. ಬೇರೆ ವಿಷಯವಿದೆ, ಒಳ್ಳೆಯ ವಿಷಯ.

ಜಾವಗಲ್ ಹತ್ತಿರ ನಿಮ್ಮ ಕಂಪನಿಯವರು ಚಿನ್ನ ಹುಡುಕಲು ಬೋರ್ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು, ಅಲ್ಲಿನ ಶೆಡ್ಡು ಸೋರುತ್ತದೆಂದು ನಮ್ಮ ಕೊಬ್ಬರಿ ಗೋಡೌನಿನಲ್ಲಿ ಇಟ್ಟು ಹೋದೆಯಲ್ಲ, ಇಪ್ಪತ್ತನಾಲ್ಕು ಪೆಟ್ಟಿಗೆ. ಹೊಸ ಕಾಯಿಗೆ ಜಾಗ ಬೇಕಾಗಿ ಹಮಾಲಿ ಕುಮಾರ ಅವನ್ನು ಗೋಡೆಯ ಕಡೆಗೆ ಸರಿಸುತ್ತಿದ್ದ. ಹದಿಮೂರಕ್ಕೆ ಹಗ್ಗ ಬಿಗಿದಿತ್ತು. ಉಳಿದ ಹನ್ನೊಂದಕ್ಕೆ ಇರಲಿಲ್ಲ. ಒಂದರ ಮುಚ್ಚಳ ಜಾರಿತು. ಒಳಗೆ ಇಣುಕಿದೆ. ಹಸಿರು ಕಲ್ಲಿನ ಪಕ್ಕದಲ್ಲಿ ಬಿಳಿ, ಬಿಳಿಯ ಪಕ್ಕದಲ್ಲಿ ತುಕ್ಕು ಹಿಡಿದದ್ದು, ಮತ್ತೆ ಹಸಿರು. ನಡುನಡುವೆ ಪುಟ್ಟ ಮರದ ತುಂಡುಗಳು ಬೇರೆ. ಯಾರೋ ಹೊಣೆಗೇಡಿ ಎಲ್ಲವನ್ನೂ ಕಲಸಿ ತುಂಬಿದ್ದಾನೆ. ನಾಳೆ ನಿಮ್ಮ ಮ್ಯಾನೇಜರ್ ಬಂದು ನೋಡಿದರೆ ನಿನ್ನ ಮರ್ಯಾದೆ ಏನಾಗಬೇಕು?

ಐವತ್ತು ವರ್ಷ ಕೊಬ್ಬರಿಯನ್ನು ತರ ಮಾಡಿದ ಕೈ ಇದು. ಹಗ್ಗವಿಲ್ಲದ ಹನ್ನೊಂದನ್ನೂ ಕೆಡವಿಕೊಂಡು ಕೂತೆ. ಆರು ದಿನ ಹಿಡಿಯಿತು. ಬಿಳಿಯದು ಒಂದನೇ ತರ, ಉದ್ದದ ಪ್ರಕಾರ ಜೋಡಿಸಿದ್ದೇನೆ. ಹಸಿರು ಎರಡನೇ ತರ. ತುಕ್ಕು ಚುಕ್ಕೆಯವು ಕೆಟ್ಟುಹೋದ ಕೌಟು ಕೊಬ್ಬರಿಯ ಹಾಗೆ ಕಂಡವು, ಅವನ್ನು ಕೊನೆಯ ಎರಡು ಪೆಟ್ಟಿಗೆಗೆ ಹಾಕಿದೆ. ಮರದ ಚೂರುಗಳನ್ನು ನಿಮ್ಮತ್ತೆಗೆ ಕೊಟ್ಟೆ, ಸ್ನಾನದ ಹಂಡೆಯ ಒಲೆಗೆ ಆದವು. ಈಗ ಬಂದು ನೋಡಬೇಕು ನೀನು, ಕಣ್ಣಿಗೆ ಹಬ್ಬವಾಗುತ್ತದೆ.

ಅಲ್ಲಿ ಚಳಿ ಶುರುವಾದಾಗ ಕಿವಿ ಮುಚ್ಚಿಕೋ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ ಕೆಂಚಪ್ಪ


ಕಗೋಶಿಮಾ, ಜಪಾನ್
17 ಆಗಸ್ಟ್ 2024

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಬೆಳಿಗ್ಗೆ ಬಂತು. ನಾಲ್ಕು ಸಲ ಓದಿದೆ. ದಯವಿಟ್ಟು ಆ ಪೆಟ್ಟಿಗೆಗಳನ್ನು ಇನ್ನು ಯಾರೂ ಮುಟ್ಟಬೇಡಿ. ನೀವೂ ಮುಟ್ಟಬೇಡಿ.

ಅವನ್ನು ಯಾರೂ ಕಲಸಿರಲಿಲ್ಲ ಮಾವ. ಭೂಮಿಯೊಳಗೆ ಯಾವ ಕಲ್ಲಿನ ಕೆಳಗೆ ಯಾವ ಕಲ್ಲು ಇತ್ತೋ ಅದೇ ಕ್ರಮದಲ್ಲಿ ಇದ್ದವು. ಆ ಮರದ ತುಂಡುಗಳ ಮೇಲೆ ಇದ್ದದ್ದು ಆಳದ ಅಳತೆ. ಹದಿನಾಲ್ಕನೇ ಪೆಟ್ಟಿಗೆ ಎಂದರೆ ನೆಲದಿಂದ ಅರವತ್ತೈದು ಮೀಟರ್ ಕೆಳಗಿನದು. ಅಲ್ಲಿಂದ ನೂರಿಪ್ಪತ್ತರವರೆಗೆ ಈಗ ಯಾವ ಕಲ್ಲು ಎಲ್ಲಿಯದು ಎಂದು ಹೇಳುವವರು ಯಾರೂ ಇಲ್ಲ.

ಚಿನ್ನ ಬಿಳಿ ಕಲ್ಲಿನಲ್ಲೇ ಇರುತ್ತದೆಂದು ನೀವು ತಿಳಿದಿರಿ. ಎಲ್ಲರೂ ಹಾಗೇ ತಿಳಿಯುತ್ತಾರೆ. ನಮ್ಮ ಜಾವಗಲ್ಲಿನ ಹಸಿರು ಕಲ್ಲು ಮುನ್ನೂರು ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಜ್ವಾಲಾಮುಖಿ ಉಗುಳಿದ್ದು. ಅದರಲ್ಲಿ ಕಬ್ಬಿಣ ಜಾಸ್ತಿ. ಆಮೇಲೆ ಯಾವತ್ತೋ ಆಳದಿಂದ ಬಿಸಿನೀರು ಬಿರುಕುಗಳಲ್ಲಿ ಮೇಲಕ್ಕೆ ಹತ್ತಿತು. ಚಿನ್ನ ಬರೀ ನೀರಿನಲ್ಲಿ ಕರಗುವುದಿಲ್ಲ, ಗಂಧಕದ ಜೊತೆ ಸೇರಿದರೆ ಕರಗುತ್ತದೆ. ಆ ನೀರು ಹಸಿರು ಕಲ್ಲಿಗೆ ತಾಗಿದಾಗ ಗಂಧಕ ಚಿನ್ನವನ್ನು ಬಿಟ್ಟು ಕಬ್ಬಿಣವನ್ನು ಹಿಡಿಯಿತು. ಚಿನ್ನ ಅಲ್ಲೇ ಕೂತಿತು. ಬಿರುಕಿನಲ್ಲಿ ಉಳಿದದ್ದು ಬಿಳಿ ಕಲ್ಲು. ಅದರ ಅಂಚಿನಲ್ಲಿ ಗಂಧಕವೂ ಕಬ್ಬಿಣವೂ ಸೇರಿ ಆದ ಚುಕ್ಕೆಗಳೇ ಆಮೇಲೆ ತುಕ್ಕು ಹಿಡಿಯುವುದು. ನೀವು ಕೌಟು ಎಂದು ಮೂಲೆಗೆ ಹಾಕಿದಿರಲ್ಲ, ನಾವು ಹುಡುಕುತ್ತಿದ್ದದ್ದು ಅದನ್ನೇ. ಅದು ಯಾವ ಆಳದಲ್ಲಿ ಯಾವ ಬಿಳಿ ಕಲ್ಲಿನ ಪಕ್ಕ ಇತ್ತು ಎನ್ನುವುದು ಗೊತ್ತಿಲ್ಲದಿದ್ದರೆ ಅದು ಬರೀ ಜಲ್ಲಿ.

ನವೆಂಬರ್ ಹತ್ತಕ್ಕೆ ನಮ್ಮ ಮ್ಯಾನೇಜರ್ ಶರತ್ಚಂದ್ರ ಅವರು ಬೇಲೂರಿನ ಕ್ಯಾಂಪಿನಿಂದ ಮಾದರಿ ಕತ್ತರಿಸಲು ಬರುತ್ತಾರೆ. ಕಾಪಾಡುತ್ತೇನೆಂದು ಸಹಿ ಹಾಕಿದವಳು ನಾನು. ಮೊದಲ ಹದಿಮೂರರ ಫೋಟೋ ನನ್ನ ಬಳಿ ಇವೆ. ಕೆಳಗಿನವನ್ನು ತೆಗೆಯಲು ಮಳೆ ಬಿಡಲಿಲ್ಲ. ಇದು ಗೊತ್ತಾದರೆ ಕೆಲಸ ಹೋಗುತ್ತದೆ, ಇಲ್ಲಿಯ ತರಬೇತಿಯನ್ನೂ ನಿಲ್ಲಿಸಿ ವಾಪಸ್ ಕರೆಸುತ್ತಾರೆ. ಹಾಗಾದರೆ ನಿಮಗೆ ಸಮಾಧಾನವೇನೋ.

ಕೊನೆಯ ಸಾಲನ್ನು ಬರೆಯಬಾರದಿತ್ತು. ಹೊಡೆದು ಹಾಕಿದರೂ ಕಾಣುತ್ತದೆ, ಬಿಟ್ಟಿದ್ದೇನೆ.

ಉಷಾ


ಅರಸೀಕೆರೆ
29 ಆಗಸ್ಟ್ 2024

ಉಷಾ,

ನಿನ್ನ ಕಾಗದವನ್ನು ನಮ್ಮ ಕೊಬ್ಬರಿ ಮಂಡಿಯಲ್ಲಿ ಒಡೆದೆ. ಓದಿ ಮುಗಿಸಿ ಗೋಡೌನಿಗೆ ಹೋಗಿ ಪೆಟ್ಟಿಗೆಗಳ ಮುಂದೆ ನಿಂತೆ. ಬಿಳಿ ಕೋಲುಗಳೆಲ್ಲ ಉದ್ದದ ಪ್ರಕಾರ ಸಾಲಾಗಿ ಮಲಗಿದ್ದವು.

ಆ ಸಾಲು ಬರೆದದ್ದು ಸರಿಯೇ. ಮನೆಗೆ ಬಂದ ಸೊಸೆ ಕಲ್ಲು ನೋಡಲು ಸಮುದ್ರ ದಾಟಬೇಕಾ ಎಂದು ಎಲ್ಲರ ಮುಂದೆ ಕೇಳಿದವನು ನಾನು. ನೀನು ಹೋಗುವ ದಿನ ಮಂಡಿಯಲ್ಲೇ ಕೂತುಬಿಟ್ಟೆ, ಎದ್ದು ಬರಲಿಲ್ಲ. ಆಮೇಲೆ ನಿನ್ನ ಹತ್ತಿರ ಹೇಗೆ ಮಾತು ತೆಗೆಯುವುದು ಎಂದು ತಿಳಿಯದೆ ಒದ್ದಾಡುತ್ತಿದ್ದೆ. ಪೆಟ್ಟಿಗೆ ಕಂಡಾಗ, ಸದ್ಯ, ಇವಳಿಗಾಗಿ ಒಂದು ಕೆಲಸ ಸಿಕ್ಕಿತು ಎನ್ನಿಸಿತು. ಆದದ್ದು ಇಷ್ಟೇ ತಾಯಿ.

ಮರದ ಚೂರು ಒಂದೂ ಉಳಿದಿಲ್ಲ. ಒಲೆಯ ಬೂದಿಯನ್ನೂ ಕೆದಕಿ ನೋಡಿದೆ.

ಮುಟ್ಟಬೇಡಿ ಅಂದೆ. ಆದರೂ ಎರಡು ಕೋಲು ಮುಟ್ಟಿದೆ, ಬೈಯಬೇಡ. ಒಡೆದ ತೆಂಗಿನಕಾಯಿಯ ಒಂದು ಹೋಳಿಗೆ ಅದರ ಜೋಡಿ ಹೋಳು ಬಿಟ್ಟರೆ ಬೇರೆ ಯಾವುದೂ ಕೂರುವುದಿಲ್ಲ. ಈ ಕೋಲುಗಳ ತುದಿಗಳೂ ಹಾಗೇ ಸೊಟ್ಟಸೊಟ್ಟಗೆ ಮುರಿದಿವೆ. ಹಗ್ಗ ಬಿಗಿದ ಹದಿಮೂರನೇ ಪೆಟ್ಟಿಗೆಯ ಕೊನೆಯ ಕೋಲನ್ನು ತೆಗೆದು, ಅದರ ತುದಿಗೆ ಒಂದೊಂದೇ ಹಿಡಿದು ನೋಡುತ್ತಾ ಹೋದೆ. ನೂರಾ ಆರನೆಯದು ಕೂತಿತು. ಕೂದಲೂ ತೂರದ ಹಾಗೆ ಕೂತಿತು. ಅದಕ್ಕೆ ಇನ್ನೊಂದು ಸಿಕ್ಕಿತು.

ಎಲ್ಲವನ್ನೂ ಹೀಗೆ ಕೂರಿಸಿದರೆ ನಡೆಯುತ್ತದೆಯೇ? ನಡೆಯುವುದಾದರೆ ಮುಟ್ಟಲು ಅಪ್ಪಣೆ ಕೊಡು. ಶಶಿಗೆ ಮಾತ್ರ ಹೇಳಬೇಡ. ಇಷ್ಟು ವಯಸ್ಸಾದ ಮೇಲೆ ಮಗನ ಎದುರು ದಡ್ಡನಾಗುವುದು ಕಷ್ಟ.

ಕೆಂಚಪ್ಪ


ಕಗೋಶಿಮಾ
11 ಸೆಪ್ಟೆಂಬರ್ 2024

ಮಾವನವರಿಗೆ ನಮಸ್ಕಾರ.

ನಡೆಯುತ್ತದೆ. ನನಗೇ ಹೊಳೆಯಬೇಕಿತ್ತು, ಕೋಪದಲ್ಲಿ ಹೊಳೆಯಲಿಲ್ಲ. ಮುಟ್ಟಿ ಮಾವ. ಎರಡು ಕೈಯಲ್ಲೂ ಮುಟ್ಟಿ.

ಹೇಗೆಂದು ಬರೆಯುತ್ತೇನೆ. ಸಿಕ್ಕ ಜೋಡಿಯ ಮೇಲೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆಯಿರಿ, ಮತ್ತೆ ತಪ್ಪದ ಹಾಗೆ. ಹಸಿರಿಗೆ ಹಸಿರೇ ಬೇಕೆಂದು ಹುಡುಕಬೇಡಿ. ಬಿಳಿಯ ಪಕ್ಕ ಬಣ್ಣ ಕಳೆದುಕೊಂಡ ಬೂದು ಕಲ್ಲು ಬರುತ್ತದೆ, ಅದರಲ್ಲಿ ತುಕ್ಕು ಚುಕ್ಕೆ. ಆಚೆಗೆ ಹೋದ ಹಾಗೆ ಚುಕ್ಕೆ ಕಡಿಮೆಯಾಗಿ ಹಸಿರು ಹೆಚ್ಚುತ್ತದೆ. ಬಿಸಿನೀರು ಎಷ್ಟು ದೂರ ನುಗ್ಗಿತ್ತೋ ಅಷ್ಟು ದೂರ ಬಣ್ಣ ಬದಲಾಗಿರುತ್ತದೆ. ಒಮ್ಮೆ ನೀವು ಹಳೇಬೀಡಿನ ಗುಡಿಯಲ್ಲಿ ಕೈಯಾಡಿಸಿದ ಆ ಮೆತ್ತನೆಯ ಬಳಪದ ಕಲ್ಲೂ ಇಂಥದೇ ಹಳೆಯ ಜ್ವಾಲಾಮುಖಿಯ ಕಲ್ಲು, ಒಳಗೇ ಬೆಂದು ಬದಲಾದದ್ದು.

ಇಲ್ಲಿ ಅದನ್ನೆಲ್ಲ ಕಣ್ಣಾರೆ ನೋಡುತ್ತಿದ್ದೇನೆ. ನನ್ನ ಕಿಟಕಿಯ ಎದುರು ಕೊಲ್ಲಿ, ಅದರಾಚೆ ಹೊಗೆಯಾಡುವ ಬೆಟ್ಟ. ಒಗೆದು ಹಾಕಿದ ಬಟ್ಟೆಯ ಮೇಲೆ ಬೂದಿ ಬೀಳುತ್ತದೆ. ಹೋದ ವಾರ ಒಂದು ಗಣಿಯೊಳಗೆ ಇಳಿಸಿದರು. ಗೋಡೆಯಲ್ಲಿ ಚಿನ್ನವಿರುವ ಬಿಳಿ ಪಟ್ಟೆ, ಕಾಲಡಿಯಲ್ಲಿ ಇವತ್ತಿಗೂ ಬಿಸಿನೀರು. ಕೊಳೆತ ಮೊಟ್ಟೆಯ ವಾಸನೆ. ಮೇಲಕ್ಕೆ ಬರುವ ನೀರು ಒತ್ತಡ ಕಡಿಮೆಯಾದ ಕೂಡಲೇ ಕುದಿಯುತ್ತದೆ, ಕುದಿದ ಜಾಗದಲ್ಲಿ ಚಿನ್ನವನ್ನು ಬಿಟ್ಟು ಹೋಗುತ್ತದೆ. ನಮ್ಮೂರಿನದು ಇನ್ನೂ ಆಳದಲ್ಲಿ ನಡೆದ ಕೆಲಸ, ಮುಗಿದು ತಣ್ಣಗಾಗಿದೆ. ಆ ಬಿಸಿ ನೀರಿಗೆ ಕೈ ಒಡ್ಡಿ ನಿಂತಾಗ ನಿಮ್ಮ ನೆನಪಾಯಿತು. ಯಾಕೆಂದು ಗೊತ್ತಿಲ್ಲ.

ಅಕ್ಟೋಬರ್ ಇಪ್ಪತ್ತರವರೆಗೆ ಶರತ್ಚಂದ್ರ ಅವರಿಗೆ ಏನೂ ಹೇಳುವುದಿಲ್ಲ. ಆಮೇಲೆ ಹೇಳಲೇಬೇಕು. ಜೋಡಿಸಿದರೂ, ಒಮ್ಮೆ ಕ್ರಮ ತಪ್ಪಿತ್ತು ಎಂದು ವರದಿಯಲ್ಲಿ ಬರೆಯಲೇಬೇಕು. ಶಶಿಗೆ ಹೇಳಿಲ್ಲ.

ನಿಮ್ಮ ಸೊಸೆ,
ಉಷಾ


ಅರಸೀಕೆರೆ
28 ಸೆಪ್ಟೆಂಬರ್ 2024

ಚಿ. ಸೌ. ಉಷಾಗೆ,

ಒಟ್ಟು ನಾನೂರ ಹನ್ನೆರಡು ಕೋಲು. ಮುನ್ನೂರ ಅರವತ್ತು ಕೂತಿವೆ. ನಿಮ್ಮತ್ತೆಗೆ ಮೊದಲನೇ ದಿನವೇ ಗೊತ್ತಾಯಿತು, ಅವಳಿಂದ ಏನನ್ನು ಮುಚ್ಚಿಡಲಾದೀತು. ಮರದ ತುಂಡು ಉರಿಸಿದ್ದು ತಾನು ಎಂದು ಅತ್ತಳು. ಅತ್ತು ಮುಗಿಸಿ ಮಣೆ ಹಾಕಿಕೊಂಡು ನನ್ನ ಪಕ್ಕ ಕೂತಳು. ತುದಿ ಹುಡುಕುವುದರಲ್ಲಿ ನನಗಿಂತ ಚುರುಕು. ಗಂಡನಿಗೆ ಕಣ್ಣೂ ಹೋಯಿತಾ ಎಂದು ದಿನಕ್ಕೊಮ್ಮೆ ಕೇಳುತ್ತಾಳೆ. ಕಿವಿ ಕೇಳದಿದ್ದರೂ ಅದು ಮಾತ್ರ ಕೇಳಿಸುತ್ತದೆ.

ಈಗ ನಡೆದದ್ದನ್ನು ಬರೆಯುತ್ತೇನೆ. ಮಂಗಳವಾರ ಶಶಿ ಗೋಡೌನಿಗೆ ಬಂದ. ಮುಚ್ಚಳ ತೆಗೆದ ಪೆಟ್ಟಿಗೆಗಳು, ನೆಲದ ಮೇಲೆ ಉಳಿದ ಕೋಲುಗಳು. ನೋಡಿದವನೇ ಬೆಳ್ಳಗಾದ. ಪೆಟ್ಟಿಗೆ ಸರಿಸಿದವನು ಕುಮಾರ ಎಂಬುದು ಅವನಿಗೆ ಗೊತ್ತಿತ್ತಲ್ಲ, ಅವನನ್ನು ಕರೆದು ಬಾಯಿಗೆ ಬಂದ ಹಾಗೆ ಅಂದ, ನಾಳೆಯಿಂದ ಬರಬೇಡ ಅಂದ. ಹಮಾಲಿಗಳೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಕುಮಾರ ನನ್ನ ಕಡೆ ನೋಡಿದ. ಅವನಿಗೆ ಎಲ್ಲವೂ ಗೊತ್ತು. ಆದರೂ ಬಾಯಿ ಬಿಡಲಿಲ್ಲ, ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಹೊರಟುಬಿಟ್ಟ. ಹದಿನೆಂಟು ವರ್ಷ ನಮ್ಮ ಮೂಟೆ ಹೊತ್ತವನು. ಹೇಳಿಬಿಟ್ಟೆ.

"ಅವನ್ನ ಬಿಡ್ಲಾ ಶಶಿ. ಕಲ್ಲು ಕಲಸ್ದೋನು ನಾನು. ಉಷನ ಕೆಲಸಕ್ಕೆ ಕುತ್ತು ತಂದೋನೂ ನಾನೇ. ಈಗ ಕೂರಿಸ್ತಾ ಇದೀನಿ, ನೋಡು."

ಶಶಿ ಬಗ್ಗಿ ಗೆರೆ ಎಳೆದ ಕೋಲುಗಳನ್ನು ನೋಡಿದ. ಆಮೇಲೆ ಕುಮಾರನ ಹತ್ತಿರ ಹೋಗಿ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಕುಮಾರ ವಾಪಸ್ ಬಂದ. ಮಗನ ಎದುರು ದಡ್ಡನಾಗುವುದು ಅಷ್ಟೇನೂ ಕಷ್ಟವಿಲ್ಲಮ್ಮ. ಒಂದು ನಿಮಿಷದ ಕೆಲಸ.

ವರದಿಯಲ್ಲಿ ಇಲಿ ಎಳೆಯಿತು, ಮಳೆ ನೀರು ನುಗ್ಗಿತು ಎಂದೆಲ್ಲ ಬರೆಯಬೇಡ. ನನ್ನ ಹೆಸರು ಬರಿ.

ಆದರೆ ಒಂದು ಕಡೆ ಸಿಕ್ಕಿಕೊಂಡಿದ್ದೇವೆ. ಸಾಲು ಎರಡು ಕಡೆ ತುಂಡಾಗುತ್ತದೆ. ಅಲ್ಲಿ ಕಲ್ಲು ಪುಡಿಪುಡಿ, ತುದಿಯೇ ಇಲ್ಲ. ಹೀಗಾಗಿ ಮೂರು ಭಾಗ. ಮೇಲಿನದು ಹದಿಮೂರನೇ ಪೆಟ್ಟಿಗೆಗೆ ಅಂಟಿದೆ. ಎಲ್ಲಕ್ಕಿಂತ ಕೆಳಗಿನದೂ ಗೊತ್ತಾಯಿತು, ಅದರ ಕೊನೆಯ ಕೋಲಿನಲ್ಲಿ ಯಂತ್ರ ಕಚ್ಚಿ ಕಿತ್ತ ಗುರುತಿದೆ. ನಡುವಿನ ಹದಿನೆಂಟು ಮೀಟರಿನದು ಮಾತ್ರ ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎಂದು ತಿಳಿಯುತ್ತಿಲ್ಲ. ತುಕ್ಕಿನ ಕಲ್ಲು ಇರುವುದು ಅದರಲ್ಲೇ. ಒಂದು ಕೋಲಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆಗಳಿವೆ, ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ಅದರಿಂದ ಏನಾದರೂ ಗೊತ್ತಾಗುತ್ತದೆಯೇ?

ನಿನ್ನ ಮಾವ
ಕೆಂಚಪ್ಪ


ಕಗೋಶಿಮಾ
10 ಅಕ್ಟೋಬರ್ 2024

ಪ್ರೀತಿಯ ಮಾವನವರಿಗೆ,

ಗೊತ್ತಾಗುತ್ತದೆ! ನಿಮ್ಮ ಆ ಒಂದು ಸಾಲು ಓದಿ ಲ್ಯಾಬಿನಲ್ಲಿ ಎದ್ದು ನಿಂತುಬಿಟ್ಟೆ. ಪಕ್ಕದವರು ಭೂಕಂಪವೆಂದು ಮೇಜಿನ ಕಾಲು ಹಿಡಿದುಕೊಂಡರು.

ಲಾವಾ ಹರಿಯುವಾಗ ಅದರೊಳಗೆ ಗಾಳಿಯ ಗುಳ್ಳೆಗಳಿರುತ್ತವೆ. ಅಂಬಲಿ ಕುದಿಯುವಾಗಿನ ಹಾಗೆ ಗುಳ್ಳೆ ಮೇಲಕ್ಕೇ ಏರುತ್ತದೆ. ಅಷ್ಟರಲ್ಲಿ ಲಾವಾ ಗಟ್ಟಿಯಾದರೆ ಗುಳ್ಳೆ ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಆ ತೂತಿನಲ್ಲಿ ಬಿಳಿ ಖನಿಜ ತುಂಬಿಕೊಳ್ಳುತ್ತದೆ. ನೀವು ಕಂಡ ಸಾಸಿವೆ ಅದು. ದಟ್ಟವಾಗಿರುವ ಕಡೆಯೇ ಆ ಲಾವಾದ ಮೇಲ್ಭಾಗ.

ಒಂದು ಎಚ್ಚರಿಕೆ. ಇಷ್ಟು ಹಳೆಯ ಕಲ್ಲು ಮಡಿಸಿಕೊಂಡು ತಲೆಕೆಳಗಾಗಿರುವುದೂ ಉಂಟು. ಹಾಗಾಗಿ ಹಗ್ಗ ಬಿಗಿದ ಪೆಟ್ಟಿಗೆಗಳನ್ನು ಬಿಚ್ಚಿ, ಅವುಗಳಲ್ಲಿ ಇಂಥ ಚುಕ್ಕೆಗಳು ಎತ್ತ ದಟ್ಟವಾಗಿವೆ ನೋಡಿ. ಅಲ್ಲಿ ಹೇಗಿದೆಯೋ ಇಲ್ಲೂ ಹಾಗೇ ಇರಬೇಕು. ಬಿಚ್ಚಲು ಹೆದರಬೇಡಿ. ಅವುಗಳ ಫೋಟೋ ಇದೆ.

ಶರತ್ಚಂದ್ರ ಅವರಿಗೆ ಇವತ್ತೇ ಎಲ್ಲವನ್ನೂ ಬರೆದೆ. ನಿಮ್ಮ ಹೆಸರನ್ನೂ ಬರೆದೆ. ಉತ್ತರ ಒಂದೇ ಸಾಲು, ನವೆಂಬರ್ ಹತ್ತಕ್ಕೆ ನೋಡೋಣ ಅಂತ. ಅದರ ಅರ್ಥ ಏನೂ ಆಗಿರಬಹುದು.

ಕುಮಾರನ ವಿಷಯ ಓದಿ ಅತ್ತುಬಿಟ್ಟೆ. ಎಷ್ಟು ಅತ್ತೆನೆಂದು ಹೇಳುವುದಿಲ್ಲ.

ನಿಮ್ಮ
ಉಷಾ


ಅರಸೀಕೆರೆ
11 ನವೆಂಬರ್ 2024

ಚಿ. ಸೌ. ಉಷಾಗೆ ಆಶೀರ್ವಾದ, ಆಶೀರ್ವಾದ, ಆಶೀರ್ವಾದ.

ಶಶಿ ನಿನಗೆ ನಿನ್ನೆಯೇ ಫೋನಿನಲ್ಲಿ ಹೇಳಿದ್ದಾನೆ, ಗೊತ್ತು. ಆದರೂ ನಾನು ಹೇಳಬೇಕಲ್ಲ.

ಉಳಿದ ಐವತ್ತೆರಡು ಕೋಲೂ ಕೂತವು. ಹಗ್ಗ ಬಿಗಿದಿದ್ದ ಪೆಟ್ಟಿಗೆಗಳಲ್ಲಿ ಆರು ಕಡೆ ಸಾಸಿವೆ ಸಿಕ್ಕಿತು. ಆರರಲ್ಲೂ ಮೇಲ್ಗಡೆಯೇ ದಟ್ಟ. ನಾವು ನಡುವಿನ ಭಾಗವನ್ನು ತಲೆಕೆಳಗೆ ಇಟ್ಟಿದ್ದೆವು. ಕುಮಾರ, ಶಶಿ, ನಾನು ಸೇರಿ ಅಷ್ಟನ್ನೂ ತಿರುಗಿಸಿ ಇಟ್ಟೆವು.

ಶರತ್ಚಂದ್ರ ಅವರು ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಬಂದರು. ಜೊತೆಗೆ ಬೋರ್ ಕೊರೆದ ಮಂಜುನಾಥ, ಅವನ ಕೈಯಲ್ಲಿ ಎಣ್ಣೆ ಮೆತ್ತಿದ ನೋಟ್‌ಬುಕ್. ನಿಮ್ಮತ್ತೆ ಹಗರೆಯ ತವರಿನಿಂದ ಬೆಣ್ಣೆ ತರಿಸಿ ದೋಸೆ ಹುಯ್ದಿದ್ದಳು. ಆ ಮನುಷ್ಯ ಕೆಲಸ ಮುಗಿಯಲಿ ಅಮ್ಮಾ ಎಂದು ಮುಟ್ಟಲಿಲ್ಲ. ಅಲ್ಲಿಗೇ ನನ್ನ ಜೀವ ಅರ್ಧ ಹೋಯಿತು.

ಯಾವ ದಿನ ಎಷ್ಟು ಕಲ್ಲು ಬಂತು, ಎಲ್ಲಿ ನೀರು ಸೋರಿಹೋಯಿತು, ಎಲ್ಲಿ ಕಲ್ಲು ಪುಡಿಯಾಗಿ ಬಂತು ಎಂದು ಮಂಜುನಾಥ ಬರೆದಿಟ್ಟಿದ್ದ. ಅವನು ಓದುತ್ತಾ ಹೋದ, ಶರತ್ಚಂದ್ರ ಟೇಪು ಹಿಡಿದು ಅಳೆಯುತ್ತಾ ಹೋದರು. ನನಗೆ ಕೇಳುವುದಿಲ್ಲವಾದ್ದರಿಂದ ಅವರ ಮುಖವನ್ನೇ ನೋಡುತ್ತಾ ನಿಂತೆ. ಆ ಮುಖದಲ್ಲಿ ಏನೂ ಇರಲಿಲ್ಲ. ಮೂರು ಗಂಟೆ ಕಾಲ ಏನೂ ಇರಲಿಲ್ಲ. ಪುಡಿಕಲ್ಲು ಬರಬೇಕಾದ ಕಡೆ ಬಂತು. ಎರಡನೆಯದು ಒಂದು ಗೇಣು ಆಚೆಗೆ ಬಂತು. ಅವರು ಟೇಪು ಸುತ್ತಿ ನನ್ನ ಹತ್ತಿರ ಬಂದು, ಕಿವಿಗೆ ಬಾಯಿಟ್ಟು ಜೋರಾಗಿ ಹೇಳಿದರು.

"ಸರಿ ಇದೆ ಯಜಮಾನ್ರೇ. ಒಂದು ಗೇಣು ವ್ಯತ್ಯಾಸ ನಮ್ಮವರೇ ಮಾಡ್ತಾರೆ. ಉಷಾ ಅವರು ಅಲ್ಲೇ ಓದ್ಲಿ."

ನಾನು ಅಲ್ಲೇ ಕಾಯಿ ರಾಶಿಯ ಮೇಲೆ ಕೂತುಬಿಟ್ಟೆ. ಆಮೇಲೆ ಅವರು ಹದಿನಾಲ್ಕು ದೋಸೆ ತಿಂದರು. ನಿಮ್ಮತ್ತೆ ಎಣಿಸಿದಳು, ನಾನಲ್ಲ.

ಇವತ್ತು ಬೆಳಿಗ್ಗೆಯಿಂದ ಕಲ್ಲು ಸೀಳುವ ಗರಗಸದ ಸದ್ದು, ಅದು ನನಗೂ ಕೇಳಿಸುತ್ತಿದೆ. ಹಾಯಾಗಿದೆ.

ನಿನ್ನ ಮಾವ
ಕೆಂಚಪ್ಪ


ಕಗೋಶಿಮಾ
25 ನವೆಂಬರ್ 2024

ಪ್ರೀತಿಯ ಮಾವನವರಿಗೆ,

ಎರಡು ವಾರದಿಂದ ಹೊಟ್ಟೆತುಂಬ ಊಟ ಮಾಡುತ್ತಿದ್ದೇನೆ. ಲ್ಯಾಬಿನ ಮೊದಲ ಫಲಿತಾಂಶ ಬಂದಿದೆ. ತುಕ್ಕಿನ ಕಲ್ಲಿನಲ್ಲಿ ಚಿನ್ನ ಇದೆ. ಬಹಳ ತೆಳು, ಒಂದು ಮೀಟರಿನಷ್ಟು ದಪ್ಪದಲ್ಲಿ ಮಾತ್ರ. ಗಣಿ ತೋಡುವಷ್ಟಿಲ್ಲ. ಆದರೆ ಬಿಸಿನೀರು ಎತ್ತಲಿಂದ ಬಂತು ಎಂಬುದು ಈಗ ಗೊತ್ತಾಯಿತು, ಮುಂದಿನ ಬೋರ್ ಎಲ್ಲಿ ಹಾಕಬೇಕೆಂದೂ ಗೊತ್ತಾಯಿತು. ನಡುವಿನ ಭಾಗ ತಲೆಕೆಳಗಾಗಿಯೇ ಇದ್ದಿದ್ದರೆ ತಪ್ಪು ಕಡೆ ಕೊರೆಯುತ್ತಿದ್ದೆವು.

ಈಗ ಒಂದು ವಿಷಯ. ಇದನ್ನು ಬರೆಯಲು ಮೂರು ಹಾಳೆ ಹರಿದಿದ್ದೇನೆ.

ಫೋಟೋ ತೆಗೆಯಲು ಮಳೆ ಬಿಡಲಿಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ಗೋಡೌನಿನೊಳಗೆ ಎಂಥ ಮಳೆ? ಆ ಹನ್ನೊಂದು ಪೆಟ್ಟಿಗೆಗೆ ಎರಡು ದಿನ ಸಾಕಿತ್ತು, ಎರಡು ದಿನ ನನ್ನ ಬಳಿ ಇದ್ದವು. ನಿಮ್ಮ ಜೊತೆ ಜಗಳವಾದ ಮೇಲೆ ಸಿಟ್ಟಿನಿಂದ ಕ್ಯಾಮೆರಾ ಎತ್ತಿಕೊಂಡು ಅರೇಹಳ್ಳಿಗೆ, ಅಮ್ಮನ ಮನೆಗೆ ಹೋದೆ. ಆ ಎರಡು ದಿನ ಮಲಗಿಯೇ ಇದ್ದೆ. ಪೆಟ್ಟಿಗೆಗೆ ಹಗ್ಗವನ್ನೂ ಬಿಗಿಯಲಿಲ್ಲ. ನೀವು ಕೇಳದೆ ಕೆಡವಿದ್ದು ತಪ್ಪು. ಅದಕ್ಕೆ ಮುಂಚೆ ಆದದ್ದು ನನ್ನ ತಪ್ಪು. ಅಷ್ಟು ಗೊತ್ತಿದ್ದೂ ಮೂರು ತಿಂಗಳು ಪೂರ್ತಿ ಹೊಣೆಯನ್ನು ನಿಮ್ಮ ತಲೆಯ ಮೇಲೆ ಹೊರಿಸಿ ಸುಮ್ಮನಿದ್ದೆ. ನೀವು ಹಮಾಲಿಗಳ ಮುಂದೆ ನಿಂತು ಹೇಳಿದಿರೆಂದು ಓದಿದ ದಿನವೇ ಬರೆಯಬೇಕಿತ್ತು. ಧೈರ್ಯ ಬರಲಿಲ್ಲ.

ನಿನ್ನೆ ಶರತ್ಚಂದ್ರ ಅವರಿಗೂ ಇದನ್ನೇ ಬರೆದು ಕಳಿಸಿದೆ. ಬೈದರು. ಕೆಲಸ ಮಾತ್ರ ಉಳಿಯಿತು. ವರದಿಯಲ್ಲಿ ಕ್ರಮ ತಪ್ಪಿದ್ದಕ್ಕೆ ಇಬ್ಬರ ಹೆಸರಿದೆ. ಮರಳಿ ಜೋಡಿಸಿದ್ದಕ್ಕೆ ನಿಮ್ಮದೂ ಅತ್ತೆಯದೂ ಇದೆ.

ಮಾವ, ನನ್ನನ್ನು ಕ್ಷಮಿಸಿ.

ಉಷಾ


ಅರಸೀಕೆರೆ
7 ಡಿಸೆಂಬರ್ 2024

ಉಷಾ,

ಅಯ್ಯೋ ತಾಯಿ, ಮೂರು ತಿಂಗಳು ಅನ್ನ ರುಚಿಸದೆ ಒಣಗಿಹೋದೆನಲ್ಲೇ ನಾನು. ಓದಿ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಎಷ್ಟು ನಕ್ಕೆ ಎಂದರೆ ನಿಮ್ಮತ್ತೆ ನೀರು ತಂದು ಕೊಟ್ಟಳು. ಎದೆಯ ಮೇಲಿಂದ ಮೂಟೆ ಇಳಿಸಿದ ಹಾಗಾಯಿತು.

ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಶಶಿಗೂ ಓದಿದೆ. ಮಂಡಿಯಲ್ಲಿ ಕುಮಾರನನ್ನೂ ಉಳಿದ ಹಮಾಲಿಗಳನ್ನೂ ಕರೆದು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ನನ್ನ ತಪ್ಪನ್ನು ಊರಿಗೆಲ್ಲ ಹೇಳಿದವನು, ನಿನ್ನದನ್ನು ಬಿಡುತ್ತೇನೆಯೇ?

ಬೇಗ ಬಂದುಬಿಡು ಎಂದು ಬರೆಯಲು ನಿಮ್ಮತ್ತೆ ಹೇಳುತ್ತಿದ್ದಾಳೆ. ಪಕ್ಕದಲ್ಲೇ ಕೂತು ನೋಡುತ್ತಿದ್ದಾಳೆ. ನಾನು ಬರೆಯುವುದಿಲ್ಲ. ಪೂರ್ತಿ ಕಲಿತುಕೊಂಡು ಬಾ.

ನಿನ್ನ ಮಾವ
ಕೆಂಚಪ್ಪ